ರಂಜನಾ ಅನ್ನೋರು ಇಲ್ಲಿ ಯಾರೂ ಇಲ್ಲ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹಾವೇರಿಯ ಮನೆಯಲ್ಲಿ ವಿರೂಪಾಕ್ಷ ಮಾಸ್ತರರು ರಷ್ಯಾದ ರಾಜಮನೆತನದವರ ಹೆಸರುಗಳ ಬಗ್ಗೆ ಬರೆಯುತ್ತ ಕೂತಿದ್ದಾಗ ಫೋನು ಬಂತು.

"ರಂಜನಾಗ ಕೊಡ್ರಿ," ಎಂದಿತು ವಯಸ್ಸಾದ ಹೆಣ್ಣುದನಿ.

"ಯಾವ ರಂಜನಾ?"

"ರಂಜನಾರೀ, ಬ್ಯಾಡಗಿ ರಂಜನಾ."

"ರಂಜನಾ ಅನ್ನೋರು ಇಲ್ಲಿ ಯಾರೂ ಇಲ್ಲ."

ಅರ್ಧ ನಿಮಿಷದಲ್ಲಿ ಅದೇ ನಂಬರಿನಿಂದ ಮತ್ತೆ ಫೋನು. ಮಾಸ್ತರರಿಗೆ ರೇಗಿತು. "ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನು? ಬ್ಯಾರೆ ಕೆಲಸ ಇಲ್ಲೇನು ನಿಮಗ?" ಎಂದು ಗದರಿಸಿ ಇಟ್ಟುಬಿಟ್ಟರು. ಅಡುಗೆಮನೆಯಿಂದ ಹೆಂಡತಿ ಪದ್ಮಾಬಾಯಿ, "ಯಾರ್ರಿ?" ಎಂದು ಕೇಳಿದರು. "ಯಾರೋ, ರಾಂಗ್ ನಂಬರ್," ಎಂದರು ಮಾಸ್ತರರು.

ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು ರಾಣೆಬೆನ್ನೂರಿನ ಪತ್ರಿಕೆಯೊಂದಕ್ಕೆ ಪ್ರತಿ ರವಿವಾರ ಅಂಕಣ ಬರೆಯುತ್ತಿದ್ದರು. ಒಂದು ಇಸವಿಯನ್ನು ಮೂರು ಕಡೆ ನೋಡದೆ ಕಾಗದದ ಮೇಲೆ ಇಳಿಸುವವರಲ್ಲ. ಈ ಸಲದ ವಿಷಯ ಅವರಿಗೆ ತುಂಬ ಹಿಡಿಸಿತ್ತು. ನಮ್ಮ ಕಡೆ ಹೆಸರಿನ ನಡುವೆ ಅಪ್ಪನ ಹೆಸರು ಬರುವ ಹಾಗೆಯೇ ರಷ್ಯಾದಲ್ಲೂ ಬರುತ್ತದೆ. ಕೊನೆಯ ತ್ಸಾರ್ ನಿಕೊಲಾಯನ ನಾಲ್ಕೂ ಹೆಣ್ಣುಮಕ್ಕಳು ನಿಕೊಲಾಯೆವ್ನಾ. ಮನೆಯೊಳಗೆ ಆ ಭಾರದ ಹೆಸರುಗಳು ನಡೆಯುತ್ತಿರಲಿಲ್ಲ. ತ್ಸಾರ್ 'ನಿಕಿ'. ತುಂಟಿ ಅನಸ್ತಾಸಿಯಾ 'ಶ್ವಿಬ್ಜಿಕ್', ಅಂದರೆ ಕಿಡಿಗೇಡಿ. ನಾಲ್ವರು ಅಕ್ಕತಂಗಿಯರು ತಮ್ಮ ಹೆಸರುಗಳ ಮೊದಲ ಅಕ್ಷರ ಕೂಡಿಸಿ 'ಓಟಿಎಂಎ' ಎಂದು ಒಟ್ಟಿಗೆ ಸಹಿ ಹಾಕುತ್ತಿದ್ದರು. ಇದೆಲ್ಲ ಸೋಮವಾರವೇ ಬರೆದಾಗಿತ್ತು.

ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಅಂಕಣದಲ್ಲಿ ಆ ಮನೆತನದ ಸೊಸೆಯಂದಿರ ಭಾಗಕ್ಕೆ ಬಂದರು. ಹೊರದೇಶದಿಂದ ಬಂದ ಸೊಸೆ ಧರ್ಮದ ಜೊತೆಗೆ ಹೆಸರನ್ನೂ ಬಿಡಬೇಕಾಗುತ್ತಿತ್ತು. ಡೆನ್ಮಾರ್ಕಿನ ರಾಜಕುಮಾರಿ ಡಾಗ್ಮಾರ್ 1866ರಲ್ಲಿ ಮದುವೆಯಾಗಿ ಮರಿಯಾ ಫ್ಯೊದೊರೊವ್ನಾ ಆದಳು. ಅವಳ ಅಪ್ಪ ಕ್ರಿಶ್ಚಿಯನ್. ಫ್ಯೊದೊರ್ ಅನ್ನುವವನು ಅವಳಿಗೆ ಯಾವ ಸಂಬಂಧವೂ ಅಲ್ಲ. ರಾಜಮನೆತನ ಪೂಜಿಸುತ್ತಿದ್ದ ಒಂದು ದೇವಪಟದ ಹೆಸರಿನಿಂದ ಅದು ಬಂತೆಂದು ಹೇಳುತ್ತಾರೆ. ಹೀಗೆ ಅಪ್ಪನ ಹೆಸರೂ ಹೋಯಿತು. ಅಕ್ಕ ಮಾತ್ರ ಅವಳನ್ನು ಕೊನೆಯವರೆಗೂ 'ಮಿನ್ನಿ' ಎಂದೇ ಕರೆದಳು.

'ನಮ್ಮ ಓದುಗರಿಗೆ ಇದು ಹೊಸದೆನ್ನಿಸಲಿಕ್ಕಿಲ್ಲ,' ಎಂದು ಮಾಸ್ತರರು ಮುಂದುವರಿಸಿದರು. 'ನಮ್ಮ ಹಲವು ಮನೆತನಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರನು ಉಂಗುರದಿಂದ ವಧುವಿನ ಹೊಸ ಹೆಸರನ್ನು ಬರೆಯುವ ಪದ್ಧತಿ ಇತ್ತು. ಉದಾಹರಣೆಗೆ...'

ಉದಾಹರಣೆ ದೂರ ಹುಡುಕುವುದೇನಿತ್ತು? ಸ್ವತಃ ಅವರೇ ಬರೆದಿದ್ದರು, 1982ರಲ್ಲಿ. ಹಿತ್ತಾಳೆಯ ತಾಟು ನೆನಪಾಯಿತು. 'ಪ' ಅಕ್ಷರ ಬಂದಿದೆ ಎಂದು ಭಟ್ಟರು ಹೇಳಿದ್ದು, "ಪದ್ಮಾ ಅಂತ ಬರಿ," ಎಂದು ಅವ್ವ ಹಿಂದಿನಿಂದ ಅಂದದ್ದು ನೆನಪಾಯಿತು. ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಉಂಗುರ ಹಿಡಿದು ಬರೆದರು, ಅಕ್ಷರ ದುಂಡಗೆ ಬಂತೆಂದು ಹಿಗ್ಗಿದರು. ಅಂದಿನಿಂದ ತವರಿನವರೂ ಅಳಿಯನ ಎದುರಿಗೆ ಪದ್ಮಾ ಎಂದೇ ಕರೆದರು. ಹಳೆಯ ಹೆಸರು?

ಪೆನ್ನು ಹಿಡಿದ ಕೈ ಹಾಗೇ ನಿಂತಿತು. ಲಗ್ನಪತ್ರಿಕೆಯಲ್ಲಿ ಏನು ಅಚ್ಚಾಗಿತ್ತು? ಅತ್ತೆ ಒಮ್ಮೊಮ್ಮೆ ಬಾಯಿತಪ್ಪಿ ಏನನ್ನುತ್ತಿದ್ದರು? ರಂಜೂ.

ರಂಜನಾ.

ಮಾಸ್ತರರು ಪೆನ್ನಿನ ಟೋಪಿ ಮುಚ್ಚಿ, ಹಿತ್ತಲಿಗೆ ಹೋಗಿ, ಸೋಮವಾರದ ನಂಬರು ಹುಡುಕಿ ಹಚ್ಚಿದರು. ಎತ್ತಿದವನು ದಾದಾಸಾಬ, ಬ್ಯಾಡಗಿಯವನು, ರಹಿಮತಬಿಯ ಮಗ. ಆ ಹೆಸರು ಮಾತ್ರ ಮಾಸ್ತರರಿಗೆ ಗೊತ್ತಿತ್ತು: ಹೆಂಡತಿಯ ತವರುಮನೆಯ ಪಕ್ಕದ ಮನೆಯ ಗೆಳತಿ.

"ಅವ್ವಗ ನಾಳೆ ಹುಬ್ಬಳ್ಳ್ಯಾಗ ಎದೀ ಆಪರೇಶನ್ ಐತ್ರಿ. ಮುಂಜಾನೆ ಆರಕ್ಕ ಹೊಂಡ್ತೇವಿ. ರಂಜನಾ ಮಾಂಶೀನ್ನ ಒಮ್ಮೆ ನೋಡಬೇಕು ಅಂತ ಒಂದ ಸಮ ಕುಂತಿದ್ಲು. ನಿಮ್ಮ ಮಗನ ಲಗ್ನದ ಕಾರ್ಡಿನಾಗ ಈ ನಂಬರ್ ಸಿಕ್ಕಿತ್ತು. ಹಚ್ಚಿದ್ಲಂತ. ಆಮ್ಯಾಲ ಏನೂ ಮಾತಾಡವಲ್ಲಳು."

"ಇವತ್ತ ಬರ್ತೇವಿ," ಎಂದರು ಮಾಸ್ತರರು.

ಪದ್ಮಾಬಾಯಿ ಜೋಳ ಹಸನು ಮಾಡುತ್ತಿದ್ದರು. ಹಿತ್ತಲಿನಿಂದ ಅವರವರೆಗೆ ಹತ್ತು ಹೆಜ್ಜೆ. ಅಷ್ಟರಲ್ಲಿ ಮಾಸ್ತರರು ಒಂದು ಸುಳ್ಳನ್ನು ಜೋಡಿಸಿಕೊಂಡಿದ್ದರು.

"ಈಗ ಬ್ಯಾಡಗಿಯಿಂದ ಫೋನ್ ಬಂದಿತ್ತು. ರಹಿಮತಬಿ ಮಗ. ಆಕಿಗೆ ನಾಳೆ ಆಪರೇಶನ್ ಅಂತ. ನಿನ್ನ ನೋಡ್ಬೇಕಂತಾಳ."

ಪದ್ಮಾಬಾಯಿ ಮೊರವನ್ನು ಹಾಗೇ ಬಿಟ್ಟೆದ್ದರು. ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ ಬಾಗಿಲಲ್ಲಿದ್ದರು. "ಲಗೂ ನಡೀರಿ. ನೀವು ಕನ್ನಡಕ ಹುಡುಕ್ಕೋತ ನಿಂತ್ರ ಎಲ್ಲಾ ಬಸ್ಸೂ ಹೋಗಿಬಿಡ್ತಾವ."

ಬಸ್ಸಿನಲ್ಲಿ ಪದ್ಮಾಬಾಯಿ ಮಾತಾಡಿದಷ್ಟು ಈ ವರ್ಷವಿಡೀ ಆಡಿರಲಿಲ್ಲ. ರಹಿಮತಬಿಯ ಅಪ್ಪ ರಹಿಮಾನಸಾಬರ ಅಂಗಳದಲ್ಲಿ ಇಬ್ಬರೂ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದದ್ದು, ಅದೇ ಕೈಯಲ್ಲಿ ಒಬ್ಬಳು ಇನ್ನೊಬ್ಬಳ ಕಣ್ಣು ಮುಚ್ಚಿ ಓಣಿಯೆಲ್ಲ ಕೂಗಾಡಿದ್ದು, ರಹಿಮತಬಿ ಎಂಟನೇ ಇಯತ್ತೆಗೆ ಶಾಲೆ ಬಿಟ್ಟಾಗ ತಾವೂ ಒಂದು ವಾರ ಹೋಗದೆ ಹಟ ಹಿಡಿದದ್ದು.

"ಅವ್ವ ಹೋದಾಗ ಬಂದಿದ್ಲು. ಹದಿನೈದು ವರ್ಷಾತು. ಈಗ ನನ್ನ ಹಂಗ ಕರಿಯಾಕಿ ಆಕಿ ಒಬ್ಬಾಕಿನ ಉಳಿದಾಳ," ಎಂದು ಪದ್ಮಾಬಾಯಿ ಕಿಟಕಿಯಾಚೆ ನೋಡಿದರು.

ಹೇಗೆ ಕರೆಯುತ್ತಾಳೆ ಎಂದು ಕೇಳುವ ಧೈರ್ಯ ಮಾಸ್ತರರಿಗೆ ಆಗಲಿಲ್ಲ. ಹೇಳಿಬಿಡಬೇಕಾದ ಜಾಗ ಅದೇ ಎಂದೂ ಅವರಿಗೆ ಗೊತ್ತಿತ್ತು. ಮೋಟೆಬೆನ್ನೂರು ದಾಟಿತು, ಬ್ಯಾಡಗಿ ಬಂತು, ಅವರು ಹೇಳಲಿಲ್ಲ.

ರಹಿಮತಬಿ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಾಲು ಬಾತಿದ್ದವು. ಬಾಗಿಲಲ್ಲಿ ಗೆಳತಿಯನ್ನು ಕಂಡದ್ದೇ ಎರಡೂ ಕೈ ಚಾಚಿದರು.

"ರಂಜೂ! ಬಾರಬೇ ಸುಡಗಾಡೇ! ನಾ ಸಾಯೂಮಟಾ ಹಾದಿ ನೋಡಾಕತ್ತಿದ್ದೀ ಏನ?"

"ನೀ ಎಲ್ಲಿ ಸಾಯ್ತೀ? ಗಟ್ಟಿ ಮುದುಕಿ." ಪದ್ಮಾಬಾಯಿ ಅಳುತ್ತ, ನಗುತ್ತ ಮಂಚದ ಮೇಲೆ ಕೂತರು. ಆ ದನಿ ಮಾಸ್ತರರಿಗೆ ಪರಿಚಯವಿರಲಿಲ್ಲ. ಅದರಲ್ಲಿ ಯಾರಿಗೂ ಸೊಸೆಯಾಗದ, ಯಾರಿಗೂ ಹೆದರದ ಹುಡುಗಿಯೊಬ್ಬಳಿದ್ದಳು.

ದಾದಾಸಾಬ ಕುರ್ಚಿ ಹಾಕಿದ. ಚಹಾ ಬಂತು. ಅರ್ಧ ಕಪ್ಪು ಕುಡಿಯುವಷ್ಟರಲ್ಲಿ ರಹಿಮತಬಿ ಅಂದರು:

"ನಿನ್ನೆ ನಾನ ಫೋನ್ ಹಚ್ಚಿದ್ದೆಬೇ. ಯಾರೋ ಗಂಡಸು ಎತ್ತಿದಾ. ರಂಜನಾ ಅನ್ನೋರು ಇಲ್ಲಿ ಯಾರೂ ಇಲ್ಲ ಅಂದಾ. ಮತ್ತ ಹಚ್ಚಿದ್ರ ಬೈದಾ, ಕೆಲಸ ಇಲ್ಲೇನು ಅಂತ. ನೀನೂ ಹೋಗಿಬಿಟ್ಟೀ, ನನಗ ಯಾರೂ ತಿಳಿಸಿಲ್ಲ ಅಂದ್ಕೊಂಡ್ನಿ. ರಾತ್ರಿಯೆಲ್ಲಾ ನಿದ್ದಿ ಬಂದಿಲ್ಲ ನೋಡು."

ಪದ್ಮಾಬಾಯಿ ಗಂಡನ ಕಡೆ ನೋಡಿದರು. ಒಂದೇ ಕ್ಷಣ. ಆಮೇಲೆ ಗೆಳತಿಯ ಕೈ ಸವರುತ್ತ, "ನಂಬರ್ ತಪ್ಪಿ ಹೋಗಿರಬೇಕು ಬಿಡ," ಎಂದರು.

ಬಚಾವಾದೆ ಎಂದುಕೊಳ್ಳಬಹುದಿತ್ತು. ಆದರೆ ಆ ನೋಟದಲ್ಲಿ ಎಲ್ಲ ತಿಳಿದುಹೋಗಿತ್ತು. ತಿಳಿದೂ ಅವರು ಗಂಡನ ಮಾನ ಕಾಯ್ದಿದ್ದರು. ಹೀಗೆ ಎಷ್ಟು ಸಲ ಕಾಯ್ದಿರಬಹುದು ಎಂಬ ಲೆಕ್ಕ ಇತಿಹಾಸದ ಮಾಸ್ತರರ ಬಳಿ ಇರಲಿಲ್ಲ. ಕಪ್ಪು ಕೆಳಗಿಟ್ಟರು.

"ನಂಬರ್ ತಪ್ಪಿರಲಿಲ್ಲ. ಎತ್ತಿದವ ನಾನ. ಬೈದವನೂ ನಾನ."

ದಾದಾಸಾಬ ನೆಲ ನೋಡಿದ. ರಹಿಮತಬಿ ಮಾತ್ರ ಕಣ್ಣರಳಿಸಿದರು. "ಅಯ್ಯ ಮಾಸ್ತರ! ಜಗತ್ತಿನ ರಾಜರ ಹೆಸರೆಲ್ಲಾ ಹುಡುಗರ ಕಡಿಂದ ಬಾಯಿಪಾಠ ಮಾಡಸ್ತಿದ್ರೆಲ್ಲ, ಮನ್ಯಾನ ಹೆಸರ ಬರಲಿಲ್ಲೇನ್ರಿ ನಿಮಗ?"

"ಮತ್ತ ಇವತ್ತ ಫೋನ್ ಬಂತು ಅಂದ್ರಿ," ಎಂದರು ಪದ್ಮಾಬಾಯಿ. ದನಿ ಏರಿರಲಿಲ್ಲ.

"ಬಂದಿಲ್ಲ. ನಾನ ಮಾಡಿದ್ದು. ಇವತ್ತ ನೆನಪಾತು."

"ಅಂದ್ರ ಮರತಿತ್ತು."

"ಮರತಿತ್ತು."

"ನನಗ ಮರತಿರಲಿಲ್ಲರಿ," ಎಂದು ಅವರು ಗೆಳತಿಯ ಕಡೆ ತಿರುಗಿದರು. "ಬೇ, ನಾಳೆ ನಿನ್ನ ಜೋಡಿ ನಾನೂ ಹುಬ್ಬಳ್ಳಿಗೆ ಬರ್ತೇನಿ. ನೀ ಎದ್ದು ಕುಂದ್ರೂಮಟಾ ಅಲ್ಲೇ ಇರ್ತೇನಿ. ಒಂದ ಸೀರಿ ಕೊಡಾಕ ಆಗ್ತೈತಿಲ್ಲೋ?"

"ನಾನೂ ಬರ್ತೇನಿ," ಎಂದರು ಮಾಸ್ತರರು.

"ಬ್ಯಾಡ್ರಿ. ಮನೀಗೆ ಹೋಗ್ರಿ. ಜೋಳ ಮೊರದಾಗ ಹಂಗ ಐತಿ, ಇಲಿ ತಿಂತಾವ."

ದಾದಾಸಾಬ ಮೊಬೈಲು ತೆಗೆದ. ರೋಗಿಯ ಜೊತೆ ಇರುವವರ ಹೆಸರನ್ನು ಆಸ್ಪತ್ರೆಗೆ ಇವತ್ತೇ ಕಳಿಸಬೇಕಿತ್ತು, ಒಬ್ಬರಿಗಷ್ಟೇ ಪಾಸು. "ಮಾಂಶೀ, ರಂಜನಾ ಅಂತ ಹಾಕ್ಲ್ಯಾ?"

ಹೌದೆನ್ನಲಿ, ಒಮ್ಮೆ ಹೌದೆಂದುಬಿಡಲಿ ಎಂದು ಮಾಸ್ತರರು ಮನಸ್ಸಿನಲ್ಲಿ ಬೇಡಿಕೊಂಡರು.

"ಹಾಕಿದ್ರ ಒಳಗ ಬಿಡೂದಿಲ್ಲಪಾ. ಆಧಾರ್ ಕೇಳ್ತಾರಲ್ಲ," ಎಂದು ಪದ್ಮಾಬಾಯಿ ಪರ್ಸಿನಿಂದ ಕಾರ್ಡು ತೆಗೆದುಕೊಟ್ಟರು.

ರಹಿಮತಬಿ ಅದನ್ನು ಮಗನ ಕೈಯಿಂದ ಕಸಿದು, ಕಣ್ಣಿನಿಂದ ದೂರ ಹಿಡಿದು, ಅಕ್ಷರ ಕೂಡಿಸಿ ಓದಿದರು. "ಪದ್ಮಾಬಾಯಿ... ವಿರೂಪಾಕ್ಷ..." ಆಮೇಲೆ ಫೋಟೋ ನೋಡಿದರು, ಗೆಳತಿಯ ಮುಖ ನೋಡಿದರು. "ಇಕಿ ಯಾರಬೇ?"

ಇಬ್ಬರೂ ನಕ್ಕರು. ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು, ರಹಿಮತಬಿಗೆ ಉಸಿರು ಹತ್ತಿ ದಾದಾಸಾಬ, "ಅವ್ವಾ, ಸಾವಕಾಶ," ಅನ್ನುವಷ್ಟು ನಕ್ಕರು.

ಮಾಸ್ತರರು ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರು. ಮನೆ ಬಿಟ್ಟು ಹೊರಡುವಾಗ ನಲವತ್ತಮೂರು ವರ್ಷ ಅವರು "ಪದ್ಮಾ, ಬರ್ತೇನಿ" ಎಂದೇ ಹೇಳಿದವರು. ಬಾಯಿ ತೆರೆದರು. ಆ ಹೆಸರು ಈ ಮನೆಯಲ್ಲಿ ಹೊರಡಲಿಲ್ಲ. ಇನ್ನೊಂದನ್ನು ಕರೆಯುವ ಹಕ್ಕು ತಮಗಿದೆ ಎಂದು ಅನ್ನಿಸಲಿಲ್ಲ.

"ನಾ ಬರ್ತೇನಿ," ಎಂದಷ್ಟೇ ಅಂದರು.

ಒಳಗೆ ಇಬ್ಬರೂ ಇನ್ನೂ ನಗುತ್ತಿದ್ದರು. ದಾದಾಸಾಬ ಒಬ್ಬನೇ ತಲೆ ಎತ್ತಿ, "ಹೂಂನ್ರಿ ಸರ್," ಎಂದ.