ಮೇಜಿನ ಮೇಲಿನ ಮೊಹರು

ಓಗಿಸಾವಾ ಊರು ವಿಲೀನವಾಗಿ ಮಿನಾಹಾರಾ ನಗರದ ಹೊಟ್ಟೆ ಸೇರಿ ಇದು ಮೂರನೆಯ ಚಳಿಗಾಲ. ಮೊದಲೆರಡು ವರ್ಷ ಹಿಮ ತಳ್ಳುವ ಯಂತ್ರ ಓಡಿಸಿದವನು ಊರಿನ ಗೆಂಪಾಚಿಯೇ. ಒಂದೊಂದು ಮನೆಯ ಬಾಗಿಲು ಬಂದಾಗಲೂ ಅವನು ಅಲಗನ್ನು ಓರೆ ಮಾಡಿ ಹಿಮವನ್ನು ಎದುರಿನ ಗದ್ದೆಗೆ ದೂಡುತ್ತಿದ್ದ. ಈ ವರ್ಷ ಅವನನ್ನು ಬಿಡಿಸಿ ನಗರದ ಗುತ್ತಿಗೆದಾರ ಬಂದ. ಈ ಮಹಾರಾಯನ ಯಂತ್ರ ರಸ್ತೆಯನ್ನು ಕನ್ನಡಿ ಮಾಡುತ್ತದೆ, ತಳ್ಳಿದ ಹಿಮದಿಂದ ಜನರ ಬಾಗಿಲಿಗೆ ಗೋಡೆ ಕಟ್ಟುತ್ತದೆ.

ಇಸೊ ಅಜ್ಜಿಗೆ ಎಂಬತ್ತೇಳು. ಗೋಡೆ ಅವಳ ಎದೆಮಟ್ಟ ಬಂತು. ಎರಡು ಸಲ ಆಸ್ಪತ್ರೆಯ ಬಸ್ಸು ತಪ್ಪಿದ ಮೇಲೆ ಅವಳು ಕನೆಮಾತ್ಸುಗೆ ಫೋನ್ ಮಾಡಿದಳು. ಇನ್ಯಾರಿಗೆ ಮಾಡಬೇಕು? ವಿಲೀನದ ಒಪ್ಪಿಗೆ ಪತ್ರ ಹಿಡಿದು ಮೇಲಿನ ಕೇರಿಯ ಮನೆಮನೆ ಹತ್ತಿದವನು ಅವನೇ, ಆಗ ಊರ ಕಚೇರಿಯ ಹಿರಿಯ ಅಧಿಕಾರಿ. "ಬಾಗಿಲ ಮುಂದಿನ ಹಿಮ ಈಗಿನ ಹಾಗೇ ತೆಗೀತಾರೆ ಅಜ್ಜಿ, ಒಪ್ಪಂದದಲ್ಲೇ ಬರೆದಿದೆ" ಎಂದು ಓದಿ ಹೇಳಿದ್ದ. ಕಣ್ಣು ಮಂಜಾದ ಅಜ್ಜಿ ಅವನು ಬೆರಳಿಟ್ಟ ಕಡೆ, ಸಹಿಯ ಬದಲಿಗೆ, ತನ್ನ ಹೆಸರಿನ ಮೊಹರು ಒತ್ತಿದ್ದಳು.

ಕನೆಮಾತ್ಸು ಅಜ್ಜಿಯ ಸಲಿಕೆಯಿಂದಲೇ ಗೋಡೆ ಒಡೆದು, ನೇರ ನಗರದ ಕಚೇರಿಗೆ ಹೋದ. ರಸ್ತೆ ವಿಭಾಗದ ಮುಖ್ಯಸ್ಥ ಈಗ ನಗಾಯ್. ಹಿಂದೆ ಊರ ಕಚೇರಿಯಲ್ಲಿ ಅವನಿಗೆ ಕಡತ ಬರೆಯಲು ಕಲಿಸಿದವನು, ಅವನ ಮದುವೆಗೆ ಮಧ್ಯಸ್ಥನಾಗಿ ಕೂತವನು ಇದೇ ಕನೆಮಾತ್ಸು.

"ಬಾಗಿಲ ಮುಂದಿನ ಹಿಮ ತೆಗೀಬೇಕು ಅಂತ ಒಪ್ಪಂದದಲ್ಲಿಲ್ಲ ಸಾರ್. ಗೆಂಪಾಚಿ ತಾನಾಗೇ ಮಾಡ್ತಿದ್ದ, ಅಷ್ಟೆ."

"ಹೇಗೋ ಇರಲ್ಲ? ಬರೆದವನು ನಾನು."

"ಕೊನೇ ಸಭೆಯಲ್ಲಿ ತೆಗೆದುಹಾಕಿದ್ರು." ನಗಾಯ್ ಹಳೆಯ ಕಡತ ಬಿಡಿಸಿದ. ಸಾಲಿನ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ಒಪ್ಪಿದವರ ಐದು ಕೆಂಪು ಮೊಹರು. ನಾಲ್ಕನೆಯದರ ಅಂಚು ಚೂರು ಮುಕ್ಕಾಗಿತ್ತು. ಮೂವತ್ತು ವರ್ಷ ಬಳಸಿದ ತನ್ನ ಮೊಹರನ್ನು ಗುರುತಿಸಲು ಕನೆಮಾತ್ಸುಗೆ ಕನ್ನಡಕ ಬೇಕಾಗಲಿಲ್ಲ.

"ಇದನ್ನ ನಾನು ಒತ್ತಿಲ್ಲ."

"ಆ ತಿಂಗಳು ನೀವು ಮನೆಮನೆ ಅಲೀತಿದ್ರಲ್ಲ ಸಾರ್. ಮೊಹರು ಮೇಜಿನ ಮೇಲಿದೆ, ಬಂದ ಕಡತಕ್ಕೆಲ್ಲ ಒತ್ತಿ ಕಳಿಸು ಅಂದಿದ್ರಿ."

"ಒತ್ತೋ ಮುಂಚೆ ಓದಿದ್ಯಾ?"

ನಗಾಯ್ ಚಹಾ ಬಟ್ಟಲನ್ನು ಸುಮ್ಮನೆ ತಿರುಗಿಸಿದ. "ಓದಿದ್ದೆ. ಹೇಳಿದ್ರೆ ನೀವು ಅಲೆಯೋದು ನಿಲ್ಲಿಸ್ತಿದ್ರಿ. ವಿಲೀನ ಬಿದ್ದುಹೋಗ್ತಿತ್ತು. ನಿಮಗೆ ನಿವೃತ್ತಿ ಹತ್ತಿರ ಇತ್ತು ಸಾರ್. ನನಗೆ ಇನ್ನೂ ಇಪ್ಪತ್ತು ವರ್ಷ ಸರ್ವಿಸ್ ಇತ್ತು, ನಗರದ ಕಚೇರೀಲಿ ಜಾಗ ಬೇಕಿತ್ತು."

ಕನೆಮಾತ್ಸುವಿನ ಮೈ ಉರಿಯಿತು. ತಾನು ಊರವರ ಮೊಹರು ಕೇಳುತ್ತಾ ಹಿಮದಲ್ಲಿ ನಡೆಯುತ್ತಿದ್ದಾಗ, ಇವನು ಊರ ಕಚೇರಿಯಲ್ಲಿ ಬೆಚ್ಚಗೆ ಕೂತು ತನ್ನ ಮೊಹರಿನಿಂದಲೇ ಊರಿನ ಕುತ್ತಿಗೆ ಕೊಯ್ದಿದ್ದಾನೆ. ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಹಿರಿಯರ ಮೊಹರನ್ನು ಕಿರಿಯರು ಒತ್ತುವುದು ಆ ಕಚೇರಿಯಲ್ಲಿ ತಲೆತಲಾಂತರದ ಪದ್ಧತಿ. ಚಿಕ್ಕವನಿದ್ದಾಗ ತಾನೂ ಒತ್ತಿದ್ದ, ಓದದೆಯೇ. ಚಹಾ ಮುಟ್ಟದೆ ಎದ್ದುಬಂದ.

ಅವನು ಮರಳುವಷ್ಟರಲ್ಲಿ ಯಂತ್ರ ಮತ್ತೊಮ್ಮೆ ಹೋಗಿತ್ತು. ಬೆಳಗ್ಗೆ ತೋಡಿದ ದಾರಿ ಮುಚ್ಚಿತ್ತು. ಹೊರಗೇ ಬಿಟ್ಟಿದ್ದ ಸಲಿಕೆ ತೆಗೆದುಕೊಂಡು ಮತ್ತೆ ತೋಡಿದ. ಇಸೊ ಅಜ್ಜಿ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದಳು.

"ಏನಂದ್ರಪ್ಪಾ?"

"ಆ ಮಾತನ್ನ ಹೊಡೆದುಹಾಕಿದಾರೆ ಅಜ್ಜಿ."

"ಹೊಡೀರಿ ಅಂತ ಒಪ್ಪಿದವರು ಯಾರು?"

ನಗಾಯ್ ಹೆಸರು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ 'ಒತ್ತಿ ಕಳಿಸು' ಎಂದ ತನ್ನದೇ ದನಿ ಕೇಳಿಸಿತು.

"ನನ್ನ ಮೊಹರಿದೆ. ನಾನು ನೋಡಿರಲಿಲ್ಲ."

ಅಜ್ಜಿ ಅವನತ್ತ ಮುಖ ತಿರುಗಿಸಿದಳು.

"ನನಗೆ ಕಣ್ಣು ಕಾಣಲ್ಲ, ನೋಡದೆ ಒತ್ತಿದೆ. ನಿನಗೇನಾಗಿತ್ತು?"

ಅವನ ಕೈಯಲ್ಲಿದ್ದ ತನ್ನ ಸಲಿಕೆಯನ್ನು ತಡವಿ ತೆಗೆದುಕೊಂಡಳು. ಒಳಗಿಟ್ಟು ಬಾಗಿಲು ಎಳೆದುಕೊಂಡಳು.