ನಾಮದ ಕೋಳಿಯ ಹಣೆ

ಬೀದಿಯವರೆಲ್ಲ ಅವರನ್ನು ಸ್ಟುಡಿಯೊ ಸಾಹುಕಾರರು ಅಂತ ಕರೆಯುತ್ತಿದ್ದರು. ಸಾಹುಕಾರಿಕೆ ಅಂತ ಅವರ ಹತ್ತಿರ ಇದ್ದದ್ದು ಒಂದು ಉದ್ದನೆಯ ಲೆನ್ಸು, ಅಷ್ಟೇ. ವಾರವಿಡೀ "ಗದ್ದ ಮೇಲೆ, ಕಣ್ಣು ಮಿಟುಕಿಸ್ಬೇಡಿ" ಅಂತ ಗಂಟಲು ಹರಿದುಕೊಂಡು, ಭಾನುವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಊರಾಚೆಯ ಜೌಗಿಗೆ ಓಡುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ಕೂತು ಹಕ್ಕಿಗಳ ಫೋಟೊ ತೆಗೆಯುತ್ತಿದ್ದರೆ ಪುಣ್ಯಾತ್ಮನಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ.

ಅವರ ಹೆಂಡತಿಗೆ ಆ ಕೆಸರು ಪ್ಯಾಂಟು ಒಗೆಯುವ ಭಾಗ್ಯ.

"ಸಾಕಾಗಿ ಹೋಯ್ತು ನಂಗೆ," ಅಂದುಬಿಟ್ಟರು ಒಂದು ದಿನ. "ಲೈಬ್ರರಿಯಲ್ಲಿ ಅದೇನೋ ಪ್ರದರ್ಶನ ಇಡ್ತೀರಲ್ಲ, ನಮ್ಮ ನೆಂಟರನ್ನ ಬಿಟ್ಟು ಹೊರಗಿನವರು ಒಬ್ಬರಾದ್ರೂ ಬಂದು ಒಂದು ಫೋಟೊ ಮುಂದೆ ನಿಂತು ನೋಡ್ಲಿ. ಭಾನುವಾರ ನಿಮ್ದು. ಇಲ್ಲಾಂದ್ರೆ ಲೆನ್ಸು ಅಟ್ಟಕ್ಕೆ."

ಲೈಬ್ರರಿಯ ಮಹಡಿ ಮೇಲೆ, ಪೇಪರ್ ಓದುವ ಕೋಣೆಯಲ್ಲಿ ಫೋಟೊಗಳು ನೇತುಬಿದ್ದವು. ಮಧ್ಯಾಹ್ನದವರೆಗೆ ಬಂದವರೆಲ್ಲ ನೆಂಟರೇ. ಅವರ ಕಣ್ಣು ಬಿಸ್ಕತ್ತಿನ ತಟ್ಟೆ ಮೇಲೆ.

"ಏನ್ ಭಾವ, ಎಲ್ಲಾ ನೆಟ್ಟಗೆ ಮುಂದೆ ನೋಡ್ತಿವೆ! ಪಾಸ್‌ಪೋರ್ಟ್ ಮಾಡ್ಸೋಕಾ?" ಅಂದ ಹೆಂಡತಿಯ ತಮ್ಮ.

"ದೇಶ ಸುತ್ತೋ ಹಕ್ಕಿ ಕಣಯ್ಯಾ, ಬೇಕಾಗುತ್ತೆ," ಅಂದರು ಸಾಹುಕಾರರು. ನಗು ಮಾತ್ರ ಬರಲಿಲ್ಲ. ಹೋಯ್ತು ನನ್ನ ಭಾನುವಾರ ಅಂತ ಬಾಗಿಲ ಕಡೆಯೇ ನೋಡುತ್ತಿದ್ದರು.

ಅಷ್ಟರಲ್ಲಿ ದುರ್ಬೀನು ನೇತುಹಾಕಿಕೊಂಡ ಒಬ್ಬರು ಮೇಷ್ಟ್ರು ಬಂದರು. ಗುರುತು ಪರಿಚಯ ಇಲ್ಲದವರು! ನಾಮದ ಕೋಳಿ ಅನ್ನುವ ಕಪ್ಪು ನೀರುಹಕ್ಕಿಯ ಫೋಟೊ ಮುಂದೆ ಗರ ಬಡಿದವರಂತೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಲ್ಲಾ ಸ್ವಾಮಿ, ನಾಮದ ಕೋಳಿಗೆ ಹಣೆ ಮೇಲೆ ಅಚ್ಚ ಬಿಳಿ ನಾಮ ಇರುತ್ತೆ. ಇದರ ಹಣೆ ಪೂರ್ತಿ ಕಪ್ಪು! ಜೀವಮಾನದಲ್ಲಿ ನೋಡಿಲ್ಲ. ಹೊಸ ಜಾತೀನೇ ಇರ್ಬೇಕು!"

ಮೇಷ್ಟ್ರು ಹಕ್ಕಿ ನೋಡುವ ಗೆಳೆಯರಿಗೆಲ್ಲ ಫೋನ್ ಮಾಡಿದರು. ನೋಡನೋಡುತ್ತ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ತಟ್ಟೆ ಹಿಡಿದ ಹೆಂಡತಿ ಮೂಲೆಯಲ್ಲಿ ಕಣ್ಣರಳಿಸಿ ನಿಂತಿದ್ದರು. ಸಾಹುಕಾರರಿಗೆ ಮಾತ್ರ ಬೆವರು ಕಿತ್ತುಕೊಂಡು ಬಂತು. ಗಿರಾಕಿಗಳ ಜಿಡ್ಡು ಹಣೆಯ ಮೇಲೆ ಲೈಟು ಹೊಳೆದರೆ ಮೊದಲು ಅದನ್ನು ಒರೆಸಿಹಾಕುವುದೇ ಅವರ ಕಸುಬು. ಹಿಂದಿನ ದಿನ ಎಲ್ಲ ಫೋಟೊಗಳನ್ನೂ ಕಂಪ್ಯೂಟರಿನಲ್ಲಿ ಒಂದೇ ಉಸಿರಿಗೆ ಚೊಕ್ಕಟ ಮಾಡಿದ್ದರು. ಕೈ ತನ್ನ ಪಾಡಿಗೆ ತಾನು ಕೋಳಿಯ ಹಣೆಯನ್ನೂ ಒರೆಸಿಬಿಟ್ಟಿತ್ತು!

ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರ ಉಳಿಯುತ್ತದೆ. ಆದರೆ ಜೌಗಿನಲ್ಲಿ ಆ ಕೋಳಿಯ ಮುಖ ಹೇಗೆ ನೋಡುವುದು?

"ನಾಮ ಇತ್ತು ಸಾರ್," ಅಂದರು ಕೊನೆಗೆ. "ಹೊಳಪು ಅಂತ ನಾನೇ ಒರೆಸಿದೆ. ತಪ್ಪಾಯ್ತು."

ಎಲ್ಲರೂ ಮತ್ತೊಮ್ಮೆ ಕೋಳಿಯ ಹಣೆ ನೋಡಿದರು. ಆಮೇಲೆ ಮೇಷ್ಟ್ರು, "ಪಾಪ, ಅದರ ಹಣೆಬರಹಾನೇ ಅಳಿಸಿಬಿಟ್ರಲ್ರೀ!" ಅಂದದ್ದೇ ತಡ, ನಕ್ಕವರ ಸದ್ದಿಗೆ ಕೆಳಗೆ ಓದುತ್ತಿದ್ದವರು ಬೈದರು. ನಗುತ್ತಲೇ ಎಲ್ಲರೂ ಮೆಟ್ಟಿಲಿಳಿದು ಹೋದರು.

ಸಾಹುಕಾರರು ಪೆಚ್ಚುಮೋರೆ ಹಾಕಿಕೊಂಡು ಚೀಲ ಎತ್ತಿಕೊಂಡರು. "ಲೆನ್ಸು ಅಟ್ಟಕ್ಕೆ ಹಾಕ್ತೀನಿ ಕಣೇ."

ಹೆಂಡತಿ ತಟ್ಟೆ ಕೆಳಗಿಟ್ಟರು. ಅವರ ಹುಬ್ಬಿನ ಮೇಲೆ ಒಂದು ಗಾಯದ ಗುರುತು. ಚಿಕ್ಕವರಿದ್ದಾಗ ಸೈಕಲ್ಲಿನಿಂದ ಬಿದ್ದದ್ದು.

"ಮದುವೆಯಾದ ಹೊಸದರಲ್ಲಿ ನನ್ನ ಫೋಟೊ ತೆಗೆದ್ರಲ್ಲ, ಇದನ್ನೂ ಹೀಗೇ ಒರೆಸಿದ್ರಿ. ಗೋಡೆ ಮೇಲೆ ಅದ್ಯಾರೋ ನಿಂತ ಹಾಗಿದೆ. ದಿನಾ ನೋಡ್ತಾ ಬಂದಿದೀನಿ."

"ಚೆನ್ನಾಗಿ ಕಾಣ್ಲಿ ಅಂತ..."

"ಕೋಳಿಗಾದ್ರೆ ಊರ ಜನರ ಮುಂದೆ ತಪ್ಪಾಯ್ತು ಅಂದ್ರಿ. ನನಗೆ?"

ಸಾಹುಕಾರರು ಚೀಲ ಕೆಳಗಿಟ್ಟರು. ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತು ಕಣೇ. ಕುಂಚ ಆಡಿಸಿದ್ದು ಪ್ರಿಂಟಿನ ಮೇಲೆ. ನೆಗೆಟಿವ್ ಹಾಗೇ ಇದೆ."

"ಹಾಗಾದ್ರೆ ಎರಡೂ ಹೊಸದಾಗಿ ಪ್ರಿಂಟ್ ಹಾಕಿ. ಹೊರಗಿನವರು ಬಂದು ನಿಂತು ನೋಡಿದ್ರು ತಾನೆ? ಭಾನುವಾರ ನಿಮ್ದೇ. ಆಡಿದ ಮಾತಿಗೆ ತಪ್ಪೋಳಲ್ಲ ನಾನು."

ಮರುದಿನ ಲೈಬ್ರರಿಯ ಗೋಡೆ ಮೇಲೆ ಬಿಳಿ ನಾಮದ ಕೋಳಿಯ ಪಕ್ಕದಲ್ಲೇ, ಹುಬ್ಬಿನ ಮೇಲೆ ಗಾಯದ ಗುರುತಿದ್ದ ಒಬ್ಬ ಹುಡುಗಿ ನಗುತ್ತಿದ್ದಳು. ಹೆಂಡತಿಯ ತಮ್ಮ ಬಿಸ್ಕತ್ತು ಕಡಿಯುತ್ತ ಬಂದು, "ಇದೂ ಜೌಗಿನ ಹಕ್ಕೀನಾ ಭಾವ?" ಅಂದ.

"ಅಲ್ಲ ಕಣಯ್ಯಾ," ಅಂದರು ಸಾಹುಕಾರರು. "ಇದು ಮನೇದೇ. ನಾನೇ ಸರಿಯಾಗಿ ನೋಡಿರ್ಲಿಲ್ಲ."