ಕ್ಲಚ್ ಇಲ್ಲದ ಕಾರು

ಕಾರು ಬಲ್ಲವರ ಮುಂದೆ ಇದನ್ನು ಹೇಳುವುದು ಅಧಿಕಪ್ರಸಂಗವೇ, ಕ್ಷಮೆಯಿರಲಿ.

2004ರಲ್ಲಿ ಮಹಾಂತೇಶ್ ಹೊಸ ಸ್ಪೋರ್ಟ್ಸ್ ಕಾರಿಗೆ ಚಾಮುಂಡಿ ಬೆಟ್ಟದಲ್ಲಿ ಪೂಜೆ ಮಾಡಿಸಿ, ತಾವೇ ಓಡಿಸಿಕೊಂಡು ಇಳಿಯುತ್ತಿದ್ದರು. ಇಪ್ಪತ್ತು ವರ್ಷ ಅವರ ಡ್ರೈವರ್ ಆಗಿದ್ದ ಸವರಿಮುತ್ತು ಪಕ್ಕದಲ್ಲಿದ್ದ, ಮಗಳು ಲಾಸ್ಯ ಹಿಂದೆ. ಪ್ರತಿ ತಿರುವಿನಲ್ಲೂ ಸವರಿಮುತ್ತುವಿನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು.

"ಸೆಕೆಂಡಿಗೆ ಹಾಕ್ಬುಡಿ ಸಾರ್, ಇಳಿಜಾರು."

"ಆಟೋಮ್ಯಾಟಿಕ್ ಕಣಯ್ಯ, ಅದಕ್ಕೇ ಗೊತ್ತಾಗುತ್ತೆ. ನೀನು ಹೊಲಿಗೆ ಮಿಷನ್ ತುಳೀತಿರು!"

ಲಾಸ್ಯ ನಕ್ಕಳು. ಅಷ್ಟರಲ್ಲಿ ಹಾರದ ಮಲ್ಲಿಗೆಯ ಘಮವನ್ನು ಮೀರಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಕಾರು ನಿಧಾನವಾಗಲೇ ಇಲ್ಲ.

"ಮುತ್ತು, ಬ್ರೇಕ್ ಹಿಡೀತಿಲ್ಲ ಕಣೋ!"

ಗೇರ್ ಲಿವರ್ ಮುಟ್ಟಿದರೆ ಕೆಲಸ ಬಿಟ್ಟ ಹಾಗೆ ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ಕನ್ನಡಿಯಲ್ಲಿ ಲಾಸ್ಯಳ ಮುಖ ಬಿಳುಚಿಕೊಂಡಿತ್ತು. ಸವರಿಮುತ್ತು ಲಿವರನ್ನು '2' ಎಂದು ಬರೆದಿದ್ದ ಎರಡನೇ ಗೇರಿಗೆ ಎಳೆದುಬಿಟ್ಟ. ಇಂಜಿನ್ ಅರಚಿತು. ಕಾರು ಮುಗ್ಗರಿಸಿದಂತಾಗಿ, ತಡೆಗೋಡೆಯನ್ನು ಉಜ್ಜಿಕೊಂಡು ಪ್ರಪಾತದ ಪಕ್ಕದಲ್ಲಿ ನಿಂತಿತು.

ಮಹಾಂತೇಶ್ ಮಗಳನ್ನು ಇಳಿಸಿಕೊಂಡರು. ಉಜ್ಜಿದ ಬಣ್ಣವನ್ನು ಸವರಿ ನೋಡಿ, "ಮುಟ್ಟಬೇಡ ಅಂದಿರಲಿಲ್ವಾ?" ಎಂದಷ್ಟೇ ಅಂದರು. ಮರುದಿನದಿಂದ ಸವರಿಮುತ್ತುವಿಗೆ ಅವರ ಮನೆಯಿಂದ ಕರೆ ಬರಲಿಲ್ಲ.

ಕಾರನ್ನು ನಿಲ್ಲಿಸಿದ್ದು ಗೇರೋ, ಗೋಡೆಯೋ, ಇವತ್ತಿಗೂ ಸವರಿಮುತ್ತುವಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.